ನಲವತ್ತು ಗೂಡಿನ ಪೆಟ್ಟಿಗೆ

ಮಗಳ ಗೆಳೆಯ ರೆನಾರ್ಸ್ ನನ್ನ ಹೆಗಲ ಮೇಲಿಂದ ಇಣುಕಿ
ನಗು ತಡೆಯುತ್ತಾನೆ: "ವೆಲ್ಗಾ, ಇದು ಹುಲ್ಲೋ,
ಹಸಿರು ಬಳಿದ ಬಾಚಣಿಗೆಯೋ?"

ಹುಲ್ಲೇ ಮಾರಾಯ. ಹತ್ತೊಂಬತ್ತು ವರ್ಷದಿಂದ ಹಾಗೇ ಇದೆ,
ಗಾಳಿ ಎತ್ತ ಬೀಸಿದರೂ ಒಂದೇ ಕಡೆ ಬಾಗುತ್ತದೆ.
ನಮ್ಮ ಲಿಯೆಪಾಯಾದ ಗಾಳಿಯೂ ಅಷ್ಟೇ, ಸಮುದ್ರದಿಂದ ಊರಿಗೆ;
ತಿರುಗಿ ಹೋದದ್ದನ್ನು ಕಂಡವರಿಲ್ಲ.

"ತುತ್ತತುದಿಯ ಮೆಟ್ಟಿಲು ಹತ್ತಿ ಎಷ್ಟೋ ಕಾಲವಾಯಿತಲ್ಲ,
ಇನ್ನೇನು ಉಳಿದಿದೆ ಅಲ್ಲಿ?"
ಕೇಳಲಿ. ಪ್ರಾಯ.
ಹೋದ ಚಳಿಗಾಲ ಅವನೇ ಒಂದು ಹೊಸ ಆಟ ಹಾಕಿಕೊಟ್ಟಿದ್ದ.
ಕುದುರೆಯ ಬೆವರೂ ಕಾಣುತ್ತಿತ್ತು, ನೀರಲ್ಲಿ ನನ್ನ ಮುಖ ನಡುಗುತ್ತಿತ್ತು.
ಮೂರು ದಿನ ಸುತ್ತಿದೆ, ಯಾರದೋ ಮದುವೆಮನೆ ಹೊಕ್ಕವಳ ಹಾಗೆ:
ಊಟ ಭರ್ಜರಿ, ಪಂಕ್ತಿಯಲ್ಲಿ ಒಬ್ಬರೂ ಗುರುತಿಲ್ಲ.

ವೆಲ್ಮಾರದಲ್ಲಿ (ನಮ್ಮ ಆಟದ ನಾಡಿಗೆ ಅದು ಹೆಸರು)
ಗಿರಣಿಯವನದು ಮೊದಲ ದಿನದಿಂದ ಒಂದೇ ಮಾತು:
"ಈ ಸಲ ಹಿಟ್ಟು ನುಣ್ಣಗಿದೆ."
ನಾನು ಹೌದೆನ್ನುತ್ತೇನೆ. ಅವನಿಗೆ ಕೇಳಿಸುವುದಿಲ್ಲ.
ನನ್ನ ಗಂಡನಿಗೂ ಕೇಳಿಸುತ್ತಿರಲಿಲ್ಲ.
ಗಿರಣಿಯ ಹಿಂದೊಂದು ತೋಳ,
ಹಿಂಗಾಲೆರಡೂ ಬಂಡೆಯೊಳಗೆ. ಮಾಡಿದವರ ಕೈತಪ್ಪು.
ಸರಿಪಡಿಸುತ್ತೇವೆ ಎಂದು ಕಂಪನಿ ಸಾರಿದಾಗ
ನಾಲ್ಕು ಸಾವಿರ ಜನ ಬೇಡವೆಂದು ಸಹಿ ಹಾಕಿದೆವು.
ಆ ವರ್ಷ ನಗರಸಭೆಯ ಚುನಾವಣೆಗೆ ನಾನು ಹೋಗಿರಲಿಲ್ಲ.

ಇನ್ನು ಕಿತೇರಿಯಾ. ಪೋರ್ಚುಗಲ್ಲಿನ ಸೆತುಬಾಲಿನಲ್ಲಿ ದೋಣಿಗೆ ಬಣ್ಣ ಬಳಿಯುತ್ತಾಳಂತೆ.
ಅವಳ ಭಾಷೆ ನನಗೆ ಬಾರದು, ನನ್ನದು ಅವಳಿಗೆ.
ಇಬ್ಬರ ನಡುವೆ ಇರುವುದು ಹರಕು ಇಂಗ್ಲಿಷಿನ ಇಪ್ಪತ್ತು ಮಾತು:
ತಾಳು, ಓಡು, ಕ್ಷಮಿಸು, ಮದ್ದು, ನಾಳೆ, ಇಂಥವು.
ಅಮ್ಮನನ್ನು ಆಸ್ಪತ್ರೆಯಲ್ಲಿ ಬಿಟ್ಟುಬಂದ ರಾತ್ರಿ
ಗಿರಣಿಯ ಮೆಟ್ಟಿಲ ಮೇಲೆ ನನ್ನ ಬಿಲ್ಲುಗಾರ್ತಿಯನ್ನು ಕೂರಿಸಿ
ಸುಮ್ಮನಿದ್ದೆ.
(ಕೂರುವುದಕ್ಕೊಂದು ಗುಂಡಿಯಿದೆ. ಅದನ್ನೊತ್ತಿ ಯಾರೂ ಏನೂ ಗೆದ್ದಿಲ್ಲ.)
ಅವಳು ಬಂದಳು. ಅದೇ ಗುಂಡಿ ಒತ್ತಿದಳು.
ಎರಡು ಗಂಟೆ.
ಇಪ್ಪತ್ತು ಮಾತಲ್ಲಿ ಒಂದೂ ಖರ್ಚಾಗಲಿಲ್ಲ.

ಇದನ್ನೆಲ್ಲ ರೆನಾರ್ಸನಿಗೆ ಹೇಳಲಿಲ್ಲ. ಹೇಳಿದ್ದು ಇಷ್ಟು:
"ತಿಂಗಳಿಗೆ ನಾಲ್ಕು ರೊಟ್ಟಿಯ ದುಡ್ಡು. ದುಬಾರಿಯಲ್ಲ."

ನಿಜವಾದ ಕಾರಣ ಪೆಟ್ಟಿಗೆಯಲ್ಲಿದೆ ಅನ್ನಿಸುತ್ತದೆ ಒಮ್ಮೊಮ್ಮೆ.
ನಲವತ್ತು ಗೂಡು. ಹದಿನೇಳನೆಯದರಲ್ಲಿ ಒಂದು ಗುರಾಣಿ,
ನನ್ನದಲ್ಲ. ಇಜ್ಮಿರಿನ ಓರ್ಚುನ್ ಕೊಟ್ಟುಹೋದದ್ದು:
"ಸೈನ್ಯಕ್ಕೆ ಕರೆ ಬಂದಿದೆ. ಇಟ್ಟಿರು, ಬಂದು ತಗೋತೀನಿ."
ಹನ್ನೊಂದು ವರ್ಷವಾಯಿತು.
ಅಲ್ಲಿ ಅಷ್ಟು ದಿನ ಇಟ್ಟುಕೊಳ್ಳುವುದಿಲ್ಲವಂತೆ, ವಿಚಾರಿಸಿದ್ದೇನೆ.
ಮದುವೆಯಾಗಿರಬಹುದು. ಪಾಸ್‌ವರ್ಡ್ ಮರೆತಿರಬಹುದು.
ಬೇರೆ 'ಬಹುದು'ಗಳನ್ನು ನಾನು ಲೆಕ್ಕಕ್ಕಿಟ್ಟಿಲ್ಲ.
ಈಗ ಆ ಗುರಾಣಿಯನ್ನು ಕೋಳಿಮರಿಯೂ ಕುಕ್ಕಿ ಒಡೆದೀತು,
ಸಂತೆಯಲ್ಲಿ ಮೂರು ಕಾಸಿಗೂ ಕೇಳುವವರಿಲ್ಲ.
ಆದರೂ ಒಬ್ಬ ನಂಬಿ ಇಟ್ಟದ್ದು. ನಾನು ಬಿಡಾರ ಕಿತ್ತರೆ
ಬಂದವನು ಯಾವ ಬಾಗಿಲು ತಟ್ಟಬೇಕು?

ಬೆಳಗಿನ ಐದೂ ಹತ್ತಕ್ಕೆ ನನ್ನ ಮೊದಲ ಟ್ರಾಮ್.
ಈ ಊರಿಗಿರುವುದು ಒಂದೇ ಹಳಿದಾರಿ.
ಆ ತುದಿಗೆ ಒಯ್ಯುತ್ತೇನೆ, ಈ ತುದಿಗೆ ತರುತ್ತೇನೆ,
ಇಪ್ಪತ್ತಾರು ವರ್ಷ. ಇನ್ನೇನು ಉಳಿದಿದೆ ಎಂದು
ಒಬ್ಬ ಪ್ರಯಾಣಿಕನೂ ಇದುವರೆಗೆ ಕೇಳಿಲ್ಲ.

ನಿನ್ನೆ ರಾತ್ರಿ ಒಬ್ಬ ಹೊಸಬ,
ಮೂರನೆಯ ಮೆಟ್ಟಿಲಿನವ, ಕಾಲಲ್ಲಿ ಜೋಡಿಲ್ಲ,
ಗಿರಣಿಯ ಹತ್ತಿರ ನಿಂತು ಕೇಳಿದ: ಗುರಾಣಿ ಇದ್ದರೆ ಕೊಡುವಿರಾ?
ಪೆಟ್ಟಿಗೆ ತೆರೆದೆ. ಹದಿನೇಳರ ಮೇಲೆ ಬೆರಳು ನಿಂತಿತು.
ಹದಿನೆಂಟರದ್ದು ಕೊಟ್ಟೆ, ನನ್ನದು, ಅದಕ್ಕಿಂತ ಗಟ್ಟಿ.
ಆ ತೋಳಕ್ಕೆ ಮಾತ್ರ ಹೊಡೆಯಬೇಡ, ಎಂದೆ.
ಯಾಕೆ, ಎಂದ.
ಇಪ್ಪತ್ತು ಮಾತಲ್ಲಿ ತಡಕಾಡಿ
ಕೈಗೆ ಸಿಕ್ಕಿದ್ದನ್ನು ಬರೆದೆ:
ತಾಳು.