ಒಂದೇ ಲಾಟ್ ಅಲ್ಲ

ಕಂದು ಎಂದು ಬರೆದೆ. ಆಮೇಲೆ ಹೊಡೆದುಹಾಕಿದೆ.
ರಾಗಿಬಣ್ಣದ ತೋಳಿನ ಮೇಲೆ ಕಂದು ಎಂದರೆ
ಏನು ಹೇಳಿದ ಹಾಗಾಯಿತು?

ವಿಕ್ಟೋರಿಯಾ ಆಸ್ಪತ್ರೆಯ ಆ ಕೋಣೆಗೆ ಕಿಟಕಿ ಇದೆ,
ಕಿಟಕಿಗೆ ಒತ್ತಿಕೊಂಡು ಬೀರು ಇದೆ, ಬೆಳಕಿಲ್ಲ.
ಟ್ಯೂಬ್‌ಲೈಟು ಮಿಣಮಿಣ ಅನ್ನುತ್ತದೆ;
ಹೊಸ ಸ್ಟಾರ್ಟರ್ ಬೇಕೆಂದು ಬರೆದ ಕಾಗದ
ಮಾರ್ಚ್‌ನಿಂದ ಯಾರದೋ ಮೇಜಿನ ಮೇಲೆ ಮಲಗಿದೆ.

ಪುಸ್ತಕದಲ್ಲಿ ಎಲ್ಲ ಸಲೀಸು:
ಮೊದಲು ಕೆಂಪು, ಮೂರನೆಯ ದಿನಕ್ಕೆ ನೀಲಿ,
ವಾರದೊಳಗೆ ಹಸಿರು, ಆಮೇಲೆ ಹಳದಿ,
ಹದಿನೈದು ದಿನಕ್ಕೆ ಏನೂ ಆಗಿರಲೇ ಇಲ್ಲವೆಂಬಂತೆ ಚರ್ಮ.
ಪರೀಕ್ಷೆಗೆ ಮಗ್ಗಿಯ ಹಾಗೆ ಉರುಹೊಡೆದಿದ್ದೆ.
ಆ ಚಿತ್ರಗಳ ಚರ್ಮ ಮಾತ್ರ ನಮ್ಮೂರಿನದಲ್ಲ,
ಹಾಲಿನಲ್ಲಿ ಅದ್ದಿ ತೆಗೆದಂಥದ್ದು.

ಹೊನ್ನಗಂಗಮ್ಮ, ಮೂವತ್ತೊಂದು.
ಗುರುತಿನ ಚಿಹ್ನೆ: ಎಡಗೆನ್ನೆಯಲ್ಲಿ ಮಚ್ಚೆ.
ಜೊತೆಗೆ ಬಂದ ನಾದಿನಿ ಹೇಳಿದಳು: ಗುರುವಾರ,
ಬಚ್ಚಲಲ್ಲಿ, ಸೋಪಿನ ನೀರು, ಒಂದೇ ಸಲ ಬಿದ್ದಿದ್ದು.
ನಾದಿನಿಯನ್ನು ಆಚೆ ಕಳಿಸಿದೆ. ಸ್ಕೇಲು ಇಟ್ಟೆ.
ಬಲದೋಳಿನ ಹೊರಗೆ ನಾಲ್ಕು ಸೆಂಟಿಮೀಟರ್, ಅಂಚು ಮಬ್ಬು.
ಒಳಗಡೆ ಬೆರಳ ತುದಿಯಷ್ಟಗಲದವು, ನಾಲ್ಕು, ಸಾಲಾಗಿ.
ಬೆನ್ನ ಮೇಲೆ ಬಾಸುಂಡೆ: ಜೋಡಿ ಗೆರೆ, ನಡುವೆ ಬಿಳಿಚಿದ ಹಾದಿ.
ಬಚ್ಚಲ ನೆಲ ಹಾಗೆ ಗೆರೆ ಎಳೆಯುವುದಿಲ್ಲ.

ಎಷ್ಟು ದಿನ ಆಯ್ತಮ್ಮ, ಅಂದೆ.
ಆಕೆ ತೋಳು ತಿರುಗಿಸಿ ತಾನೇ ನೋಡಿದಳು,
ಬೇರೆ ಯಾರದೋ ತೋಳು ಎಂಬಂತೆ.
"ಈ ಬೀರು ಸ್ವಲ್ಪ ಸರಿಸ್ತೀರಾ ಮೇಡಂ?
ಟ್ಯೂಬ್‌ಲೈಟಲ್ಲಿ ಶೇಡು ಸುಳ್ಳು ಹೇಳ್ತದೆ."

ಮೈಸೂರು ರಸ್ತೆಯ ಗಾರ್ಮೆಂಟ್ಸಿನಲ್ಲಿ
ಒಂಬತ್ತು ವರ್ಷದಿಂದ ಅವಳ ಕೆಲಸ ಅದೇ.
ಥಾನಿನಿಂದ ಥಾನಿಗೆ ಕೂದಲೆಳೆಯಷ್ಟು ಬಣ್ಣ ಜಾರಿದರೂ
ಹಿಡಿದು ಬೇರೆ ಇಡುವುದು. ಇಲ್ಲವಾದರೆ
ಅಂಗಿಯ ಮೈ ಒಂದು ನೀಲಿ, ತೋಳು ಇನ್ನೊಂದು ನೀಲಿ,
ಮಾಲು ವಾಪಸು.

ಅಟೆಂಡರ್ ಮುನಿಕೆಂಪಯ್ಯ, ನಾನು, ಸೇರಿ ಸರಿಸಿದೆವು.
ಮಾರ್ಕೆಟ್ಟಿನ ಕಡೆಯಿಂದ ಧೂಳು ಬೆರೆತ ಬಿಸಿಲು ಬಂದು
ಅವಳ ತೋಳ ಮೇಲೆ ಕೂತಿತು.
ಆಕೆ ಬೆರಳಿಟ್ಟು ತೋರಿಸುತ್ತ ಹೋದಳು:
"ಇದು ಮಾಗಿದೆ. ಇದಿನ್ನೂ ಹಸಿ.
ಇದು ಸಂಬಳದ ದಿನದ್ದು, ಏಳನೇ ತಾರೀಖು.
ಇದು ಅದರ ಮಾರನೇ ದಿನ, ಸಾರಿಗೆ ಉಪ್ಪು ಜಾಸ್ತಿ ಆಗಿತ್ತು.
ಇದು... ಇದು ಯಾವತ್ತಿಂದೋ.
ಒಂದೇ ಲಾಟ್ ಅಲ್ಲ ಮೇಡಂ."

ನನ್ನ ಫಾರಂನಲ್ಲಿ ಆ ಮಾತಿಗೆ ಕಾಲಂ ಇರಲಿಲ್ಲ.
'ವಿವಿಧ ಕಾಲಾವಧಿಯವು ಇರಬಹುದು' ಎಂದು ಬರೆದು
ಸಹಿ ಹಾಕಿ, ಮೊಹರು ಒತ್ತಿದೆ.

ಹದಿನಾಲ್ಕು ತಿಂಗಳಾದ ಮೇಲೆ ಕೋರ್ಟಿನಲ್ಲಿ
ಎದುರು ಪಕ್ಷದ ವಕೀಲರು ಕನ್ನಡಕ ಒರೆಸಿಕೊಂಡರು.
"ಡಾಕ್ಟ್ರೇ, ಗುರುವಾರವೋ, ಬುಧವಾರವೋ?"
ಬಣ್ಣ ನೋಡಿ ವಾರ ಹೇಳಲು ಬರುವುದಿಲ್ಲ.
"ಹಾಗಾದರೆ ಗೊತ್ತಿಲ್ಲ ಅನ್ನಿ."
ಹಳದಿ ತಿರುಗಿದ್ದು ಅವತ್ತಿನ ಪೆಟ್ಟಲ್ಲ, ಅಷ್ಟು ಗೊತ್ತು.
ಕೆಲವರಲ್ಲಿ ಬೇಗ, ಕೆಲವರಲ್ಲಿ ತಡ,
ಒಂದೇ ದಿನದ ಎರಡು ಪೆಟ್ಟು
ಎರಡು ಬಣ್ಣಕ್ಕೆ ತಿರುಗಲೂಬಹುದು.
"ತಿರುಗಲೂಬಹುದು," ಎಂದರು ಅವರು ಮೆಲ್ಲಗೆ,
ಟೈಪಿಸ್ಟಿನ ಕಡೆ ಮುಖ ಮಾಡಿ.

ಸುಳ್ಳೇನಲ್ಲ. ನನ್ನದೇ ಮಾತು.
ಬೆನ್ನ ಮೇಲಿನ ಜೋಡಿ ಗೆರೆಯನ್ನು ಯಾರೂ ಕೇಳಲಿಲ್ಲ.
ಕೇಳದೆಯೂ ಹೇಳಿದೆ. ಆಗ ಮೇಲೆ ಫ್ಯಾನು ಕಿರುಗುಟ್ಟುತ್ತಿತ್ತು,
ಟೈಪಾಯಿತೋ ಇಲ್ಲವೋ.

ರಾತ್ರಿ ಕಾಲು ತೊಳೆಯುವಾಗ ಕಂಡಿತು:
ನನ್ನ ಮೊಣಕಾಲ ಕೆಳಗೆ, ರೂಪಾಯಿ ಅಗಲ,
ಹಳದಿ, ಅಂಚಿಗೆ ಹಸಿರು.
ಬಸ್ಸಿನ ಸೀಟೋ, ಮಂಚದ ಕಾಲೋ.
ಒತ್ತಿ ನೋಡಿದೆ. ನೋವಿಲ್ಲ.
ನನ್ನದೇ ಕಾಲು, ಯಾವತ್ತಿನದೋ ತಿಳಿಯದು.

ಅವಳಿಗೆ ಮಾತ್ರ ಒಂದೊಂದರ ತಾರೀಖೂ ಗೊತ್ತಿತ್ತು,
ಒಂದನ್ನು ಬಿಟ್ಟು.