ನಾಲ್ಕು ಹೊತ್ತು

ಡಬ್ಬಿಯ ಮೇಲೆ ಗುನ್‌ವೋರ್ ಬರೆದುಕೊಟ್ಟಳು:
ದಿನಕ್ಕೆ ನಾಲ್ಕು ಹೊತ್ತು, ಹತ್ತು ದಿನ.
ನಗು ಬಂತು ನನಗೆ.
ಎರಡು ತಿಂಗಳು ಹೊತ್ತೇ ಹುಟ್ಟದ ವಾರ್ಡೊದಲ್ಲಿ
ನಾಲ್ಕನ್ನು ಎಲ್ಲಿಂದ ತರಲಿ ಮಾರಾಯ್ತಿ?
ಕಿಟಕಿಯಾಚೆ ಬೆಳಗಿಗೂ ಬೈಗಿಗೂ ಒಂದೇ ಬಣ್ಣ,
ಇದ್ದಿಲ ರಾಶಿಯ ಮೇಲೆ ಉಪ್ಪು ಚೆಲ್ಲಿದ ಹಾಗೆ.

ಮೀನಿನ ಮುಳ್ಳು, ಅಷ್ಟೇ.
ಕೈಗವಸಿಗೆ ತೂತಿತ್ತು, ಹೊಲಿಯಲು ನನಗೆ ಸೋಮಾರಿತನ.
ಮರುದಿನ ಮುಂಗೈ ಕೆಂಪೇರಿತು,
ಅದರ ಮರುದಿನ ಕೆಂಪಿಗೊಂದು ದಡ ಮೂಡಿತು
ಭೂಪಟದ ದ್ವೀಪಕ್ಕಿರುವಂಥದು,
ಆಮೇಲೆ ಹಲ್ಲು ಕಟಕಟಿಸುವ ಚಳಿಜ್ವರ.
ಡಾಕ್ಟರು ಆ ದಡದ ಗುಂಟ ಪೆನ್ನಿನಲ್ಲಿ ಗೆರೆ ಎಳೆದರು:
"ಇದನ್ನು ದಾಟಿ ಹಬ್ಬಿದರೆ ರಾತ್ರಿಯೆನ್ನದೆ ಬಾ."
ರಾತ್ರಿಯೆನ್ನದೆ! ಇಲ್ಲಿ!

ಗುನ್‌ವೋರ್ ಶಾಲೆಯಲ್ಲಿ ನನಗಿಂತ ಎರಡು ತರಗತಿ ಹಿಂದೆ.
ಈಗ ಔಷಧಿ ಅಂಗಡಿಯ ಗಾಜಿನ ಹಿಂದೆ ನಿಂತು
ಕನ್ನಡಕದ ಮೇಲಿಂದ ನೋಡುತ್ತಾಳೆ.
ಡಬ್ಬಿಯನ್ನು ಕೊಡದೆ ಹಿಡಿದುಕೊಂಡೇ ಕೇಳಿದಳು:
"ಹಿಂದೆ ಯಾವಾಗಲಾದರೂ ಪೆನಿಸಿಲಿನ್ ನುಂಗಿ
ದದ್ದೆದ್ದದ್ದು, ತುಟಿ ಊದಿದ್ದು, ಉಸಿರು ಕಟ್ಟಿದ್ದು?"
ಇಲ್ಲ.
"ನೆನಪು ಮಾಡಿಕೊಂಡು ಹೇಳು."
ಇಲ್ಲ ಅಂದೆನಲ್ಲ.
"ಬೇರೆ ಮಾತ್ರೆ?" ಬೀಪಿಯದೊಂದು.
"ಸರಿ. ಊಟಕ್ಕೆ ಒಂದು ಗಂಟೆ ಮುಂಚೆ, ಬರಿಹೊಟ್ಟೆಗೆ.
ನೀರು ಕುಡಿ. ಲೋಟದ ತುಂಬ."

ಹೊತ್ತಿಲ್ಲದ ಊರಲ್ಲಿ ಹೊತ್ತು ಕಟ್ಟಿಕೊಂಡೆ.
ಆರಕ್ಕೆ ಅಡುಗೆಮನೆಯ ಗಡಿಯಾರ,
ಹನ್ನೊಂದಕ್ಕೆ ಮೀನು ಕಾರ್ಖಾನೆಯ ಸೈರನ್,
ಸಂಜೆ ಎಂದು ನಾವು ಕರೆಯುವುದಕ್ಕೆ ಕರಾವಳಿ ಹಡಗಿನ ಸಿಳ್ಳೆ,
ಮಲಗುವ ಮುಂಚೆ ರೇಡಿಯೋದಲ್ಲಿ ಗಾಳಿ-ಅಲೆಯ ವರದಿ.
ಮೂರನೇ ದಿನ ಬಿರುಗಾಳಿಗೆ ಹಡಗು ಬರಲಿಲ್ಲ,
ಮಾತ್ರೆಯೂ ಬಾಯಿಗೆ ಬರಲಿಲ್ಲ.
ಏಳಕ್ಕೆ ನೆನಪಾಗಿ ಗುನ್‌ವೋರ್ ಮನೆಗೇ ಫೋನು ಹಚ್ಚಿದೆ.
"ಈಗ ನುಂಗು, ಮುಂದಿನದಕ್ಕೆ ಇನ್ನೂ ಸಮಯವಿದೆ.
ಎರಡನ್ನು ಒಟ್ಟಿಗೆ ಮಾತ್ರ ಬೇಡ.
ಮತ್ತೆ, ಹಡಗನ್ನು ನಂಬಬೇಡ."

ಐದನೇ ದಿನ ಕೆಂಪು ಗೆರೆಯಿಂದ ಹಿಂದೆ ಸರಿದಿತ್ತು,
ಇಳಿತದ ನೀರು ಕಲ್ಲು ಬಿಟ್ಟು ಹೋಗುವ ಹಾಗೆ.
ಎಣಿಸಿದೆ. ಇನ್ನೂ ಇಪ್ಪತ್ತು ಉಳಿದಿವೆ.
ಬಾಗಿದ ಮೊಳೆಯನ್ನೂ ಎಸೆಯದವನು ನಾನು.
ವಾಸಿಯಾದ ಕೈಗೆ ಯಾಕೆ ಸುರಿಯಲಿ?
ದೋಣಿಯ ಡಬ್ಬದಲ್ಲಿದ್ದರೆ ಮುಂದೆ ಯಾರಿಗಾದರೂ ಆದೀತು.

ಆ ಯಾರೋ ಆರನೇ ದಿನವೇ ಸಿಕ್ಕ.
ದಡಕ್ಕೆ ಐದು ಗಂಟೆಯ ದೂರ.
ಇಸ್ಸಾತ್ ದವಡೆ ಹಿಡಿದು ಕೂತಿದ್ದ, ಕೆನ್ನೆ ಒಂದು ಕಡೆ ದಪ್ಪ.
"ನಿನ್ನ ಹತ್ತಿರ ಇದೆಯಲ್ಲ, ಎರಡು ಕೊಡು."
ಹಾಳೆಯಿಂದ ಒಂದನ್ನು ಒತ್ತಿ ತೆಗೆದೂ ಆಗಿತ್ತು.
ಅಂಗೈಯಲ್ಲಿ ಬೆಳ್ಳಗೆ, ಮೀನಿನ ಕಣ್ಣಷ್ಟು ಬೆಳ್ಳಗೆ.
ಆಗ ನನ್ನ ಬಾಯಿಂದ ಗುನ್‌ವೋರ್ ಮಾತಾಡಿದಳು:
"ಹಿಂದೆ ಯಾವಾಗಲಾದರೂ..."

ಅವನು ನಕ್ಕ, ನೋವಿಗೆ ನಗು ಅರ್ಧಕ್ಕೇ ನಿಂತಿತು.
"ಎರಡು ವರ್ಷದವನಿದ್ದಾಗ ಎಂಥದೋ ಸಿಹಿ ಔಷಧಿ ಕುಡಿದು
ಮುಖವೆಲ್ಲ ಊದಿ ಕಣ್ಣೇ ಮುಚ್ಚಿತ್ತಂತೆ.
ಹೆಲಿಕಾಪ್ಟರು ಬಂದಿತ್ತು ಅಂತ ಅಮ್ಮ ಕತೆ ಹೇಳುತ್ತಿದ್ದಳು.
ಯಾವುದೋ ಏನೋ. ಕೊಡು."

ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡೆ.
ಎಂಜಿನ್ ಸದ್ದು ಒಂದೇ ಸಮ.
ಸುತ್ತ ನೀರು, ಒಬ್ಬ ಗುನ್‌ವೋರ್ ಇಲ್ಲ, ಒಂದು ಹೆಲಿಕಾಪ್ಟರಿಲ್ಲ.
ರೇಡಿಯೋದಲ್ಲಿ ಡಾಕ್ಟರನ್ನು ಹಿಡಿದೆ, ಮೂತಿ ತಿರುಗಿಸಿದೆ.
ಎಳೆಯದೆ ಬಿಟ್ಟ ಗಾಳಗಳ ಲೆಕ್ಕ ಹೇಳಿ
ಊರು ಮುಟ್ಟುವ ತನಕ ಬೈದ.

ಅವನಿಗೆ ಬೇರೆ ಜಾತಿಯ ಔಷಧಿ ಕೊಟ್ಟರು, ಹಲ್ಲೂ ಕಿತ್ತರು.
ನಿಜವಾಗಿ ಪೆನಿಸಿಲಿನ್ನೇ ಒಗ್ಗದೋ, ಬರೀ ಅಮ್ಮನ ಕತೆಯೋ,
ವಸಂತದಲ್ಲಿ ಟ್ರೊಮ್ಸೊಗೆ ಕಳಿಸಿ ಪರೀಕ್ಷೆ ಮಾಡುತ್ತಾರಂತೆ.
ಅಲ್ಲಿಯವರೆಗೆ ಜೇಬಿನಲ್ಲೊಂದು ಚೀಟಿ.
ನಾಚಿಕೆಯಾಗಿ ನಾನೂ ಡಬ್ಬಿಯನ್ನು ಮನೆಗೆ ತಂದೆ.
ಒತ್ತಿ ತೆಗೆದದ್ದರಿಂದಲೇ ಶುರು ಮಾಡಿದೆ.

ಹತ್ತು ದಿನ ಮುಗಿದು ಹಾಳೆ ಖಾಲಿ.
ಪೆನ್ನಿನ ಗೆರೆ ಸೋಪಿಗೂ ಪೂರ್ತಿ ಹೋಗಿಲ್ಲ.
ಇವತ್ತೂ ಆರಕ್ಕೆ ಗಡಿಯಾರ ಕಿರುಚಿತು,
ಕತ್ತಲಲ್ಲಿ ಎದ್ದು
ಒಂದು ಲೋಟ ನೀರು ಕುಡಿದು
ಯಾಕೆ ಕುಡಿದೆ ಎಂದು ನಿಂತೆ.