ಚಿಲ್ಲರೆ ಬಾಕಿ

ಎಡಿನ್‌ಬರಾದಾಗ ಓಣಿ ಕೆಳಗ ಓಣಿ ಐತಿ.
ಇದನ್ನ ಯಾರೂ ನನಗ ಹೇಳಿರಲಿಲ್ಲ.
ಹಸಿಶುಂಠಿ ತರಾಕಂತ ಹೊರಬಿದ್ದಾಕಿ
ನೆಲದ ಮ್ಯಾಲೆ ನಡದೀನಿ ಅಂದ್ಕೊಂಡು ನಡದೆ.
ಎರಡು ಅಂಗಡಿ ಸಂದಿನಾಗ ಹಣಿಕಿದರ
ಕಾಲ ಕೆಳಗ ಇನ್ನೊಂದು ಊರು: ಕೊಡಿ, ಟೊಪ್ಪಿಗಿ, ಒಂದು ನಾಯಿ.
ನಾ ನಿಂತದ್ದು ಸೇತುವಿ ಮ್ಯಾಲೆ.
ಬಂತು ನೋಡು ನಿನ್ನ ಓಣಿ, ಅಂತು ಫೋನಿನ ನೀಲಿ ಚುಕ್ಕಿ.
ಹೌದಪಾ, ಐವತ್ತು ಅಡಿ ಕೆಳಗ.
ಅಷ್ಟು ಹೇಳಿ ಥಂಡಿಗೆ ಅದೂ ಸತ್ತು ಹೋತು.

ಇಪ್ಪತ್ತಾರು ವರ್ಷ ಹುಬ್ಬಳ್ಳಿ–ಗದಗ ಬಸ್ಸಿನ ಕಂಡಕ್ಟರ್ ನಾನು.
ಎಷ್ಟು ಮಂದೀನ ಇಳಿಸೀನಿ ಅವರವರ ಊರಾಗ,
ನಿದ್ದಿಗಣ್ಣಿನವರನ್ನ ಭುಜ ಹಿಡದು ಅಲಗಾಡಿಸಿ.
ಸ್ಟ್ಯಾಂಡಿನಾಗ ತಪ್ಪಿಸಿಕೊಂಡ ಹುಡುಗರಿಗೆ ಹೇಳತಿದ್ದೆ:
ನಿಂತಲ್ಲೇ ನಿಲ್ಲು, ಅಳಬ್ಯಾಡ, ಖಾಕಿ ಅಂಗಿಯವರನ್ನ ಹುಡುಕು.
ನಿಂತೆ.
ಇಲ್ಲಿ ಖಾಕಿ ಯಾರೂ ಹಾಕಿರಲಿಲ್ಲ.

ಒಬ್ಬಾಕಿ ಕೇಳಿದಳು, ಎಲ್ಲಿಗೆ ಹೋಗಬೇಕು ಅಂತ.
ಬಾಯಾಗ ಬಂದದ್ದು ಇಷ್ಟು: ಕೆಂಪು ಬಾಗಿಲು,
ಎದುರಿಗೆ ಅರಿವಿ ಒಗಿಯೋ ಅಂಗಡಿ,
ನಮ್ಮ ಅಕ್ಕನ ಮಗಳು ನೀಲಾಂಬಿಕಾ.
ಹೇಳತಾ ಹೇಳತಾ, ಈ ಮಾತು ಎಲ್ಲೋ ಕೇಳೀನಲ್ಲ ಅನಿಸ್ತು.

ಅಣ್ಣಿಗೇರಿ ದಾಟಿದ ಮ್ಯಾಲೆ, ಆ ಮುದುಕಿ.
ಊರ ಹೆಸರು ಗೊತ್ತಿಲ್ಲ. ಹುಣಸಿ ಗಿಡ ಐತಿ, ಮಗಳು ಅದಾಳ, ಅಂತಾಳ.
ಹುಣಸಿ ಗಿಡಕ್ಕ ಟಿಕೆಟ್ ಹರಿಯಾಕ ಬರಂಗಿಲ್ಲ ಅಂದೆ,
ಇಡೀ ಬಸ್ಸು ನಕ್ಕಿತು.
ಯಾವುದೋ ಗಿಡ ಕಂಡ ಕೂಡಲೇ ಇಳದು ಹೋದಳು.
ಟಿಕೆಟ್ ಹಿಂದ ಬರದಿದ್ದೆ, ಹನ್ನೆರಡು ರೂಪಾಯಿ ಬಾಕಿ.
ಇಸಗೊಳ್ಳಲಿಲ್ಲ.
ನಾನೂ ಹೊರಳಿ ನೋಡಲಿಲ್ಲ. ಸೀಟಿ ಊದಿದೆ.

ಸಿಕ್ಕ ಬಸ್ಸು ಹತ್ತಿದೆ.
ಕಂಡಕ್ಟರ್ ಇಲ್ಲ. ಡ್ರೈವರ್ ಹಂತ್ಯಾಕ ಒಂದು ಡಬ್ಬಿ,
ಐದು ಪೌಂಡಿನ ನೋಟು ನುಂಗಿತು, ಚಿಲ್ಲರೆ ಉಗುಳಲಿಲ್ಲ.
ಬಾಕಿ? ಅಂದೆ ಕನ್ನಡದಾಗ.
ಅವ ಅಂಟಿಸಿದ ಬೋರ್ಡು ತೋರಿಸಿದ.
ಇರಲಿ. ಒಂದು ನನಗ ಗೊತ್ತು:
ಮನಶ್ಯಾ ದಾರಿ ತಪ್ಪಬಹುದು,
ಬಸ್ಸು ರಾತ್ರಿ ಡಿಪೋಕ್ಕ ಹೋಗಾಕಬೇಕು.
ಕಿಟಕಿ ಬಾಜೂಕ ಕುಂತೆ,
ಮಂದಿ ಇಳಿಯೋದನ್ನ ಎಣಿಸಿಕೋತ.

ಡಿಪೋದಾಗಿನ ಡೀಸೆಲ್ ನಾತ ನಮ್ಮದೇ.
ಮೂಗಿಗೆ ಅಷ್ಟು ಸಾಕಾತು.
ಪರ್ಸಿನಾಗಿಂದ ಹಳೇ ಐಡಿ ಕಾರ್ಡು ತಗದು ತೋರಿಸಿದೆ;
ಕ್ಯಾಲಮ್ ಅನ್ನೋ ಡ್ರೈವರ್ ತಿರುವಿ ಮುರುವಿ ನೋಡಿ,
ಏನು ತಿಳೀತೋ, ತನ್ನ ಚಾ ನನ್ನ ಮುಂದ ಸರಿಸಿದ.
ಸಕ್ಕರಿ ಇಲ್ಲ. ಕುಡದೆ.
ಕೆಂಪು ಬಾಗಿಲು ಅಂದೆ. ಒಗಿಯೋ ಅಂಗಡಿ ಅಂದೆ,
ಗಾಳ್ಯಾಗ ಅರಿವಿ ಹಿಂಡಿ ತೋರಿಸಿದೆ.
ನಾಕು ಮಂದಿ ಇದ್ದರು. ಯಾರೂ ನಗಲಿಲ್ಲ.
ಒಬ್ಬ ಒಂದು ಓಣಿ ಹೆಸರು ಹೇಳಿದ, ಇನ್ನೊಬ್ಬ ಅಲ್ಲ ಅಂದ,
ಅವರೊಳಗ ಜಗಳಾನ ಸುರುವಾತು.
ಕಡೀಕ ಕ್ಯಾಲಮ್ ನನ್ನ ಟಿಕೆಟ್ ಇಸಗೊಂಡು
ಅದರ ಹಿಂದ ಬರದ: ಒಂದು ನಂಬರು, ಒಂದು ಸ್ಟಾಪು.

ಶುಂಠಿ ಮರತಿದ್ದೆ.
ಬಸ್ಸು ಹೊರಟಾಗ ಯಾರೂ ಸೀಟಿ ಊದಲಿಲ್ಲ.
ದೀಪದ ಕೆಳಗ ಬಂದ ಬಂದ ಗಿಡಾನೆಲ್ಲ
ಹುಣಸೀನೋ ಏನೋ ಅಂತ ನೋಡಿಕೋತ ಹೋದೆ.